ಬದನಿಕೆ ಎಂಬ ಬೈಗುಳ

ಮಾವನ ಮನೆ ಬಿಟ್ಟು ಕದಲದ ಅಳಿಯ, ಸರ್ಕಾರ ಯಾವುದು ಬಂದರೂ ವಿಧಾನಸೌಧದ ಕಾರಿಡಾರಿನಲ್ಲೇ ಓಡಾಡುವ ಪುಢಾರಿ, ಹಬ್ಬಕ್ಕೆ ಬಂದು ತಿಂಗಳುಗಟ್ಟಲೆ ಉಳಿದ ನೆಂಟ. ಇವರಿಗೆಲ್ಲ ಕನ್ನಡದಲ್ಲಿ ಒಂದೇ ಹೆಸರು ಸಾಕು: ಬದನಿಕೆ. ಕೆಲವು ಕಡೆ ಬಂದಳಿಕೆ, ಬಂದನಿಕೆ. ‘ಬದನಿಕೆ ಹಂಗೆ ಅಂಟ್ಕೊಂಡವನೆ’ ಅಂದರೆ ಮುಂದೆ ವಿವರಣೆ ಬೇಕಿಲ್ಲ. ತಮಾಷೆಯೆಂದರೆ, ಹೀಗೆ ಬೈಯುವವರಲ್ಲೇ ಕೆಲವರು ಒಳ್ಳೆಯ ನಕ್ಷತ್ರ ನೋಡಿ ಬದನಿಕೆ ತಂದು, ಪೂಜೆ ಮಾಡಿ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ!

ಮಾವು, ಸಪೋಟ, ಹೊಂಗೆ, ಬೇವಿನ ಕೊಂಬೆಗಳ ನಡುವೆ ಬೇರೆಯದೇ ಹಸಿರಿನ, ದಪ್ಪ ಎಲೆಯ ಪೊದೆ ಕಂಡರೆ ಅದೇ ಬದನಿಕೆ. ತೊಗಟೆಯೊಳಗೆ ಬೇರಿನಂಥ ಅಂಗ ಇಳಿಸಿ ಮರದ ನೀರು, ಲವಣ ಹೀರುತ್ತದೆ. ಆದರೆ ಪೂರ್ತಿ ಸೋಮಾರಿಯಲ್ಲ. ಹಸಿರೆಲೆಯಿದೆ, ಅಡುಗೆ ತನ್ನದೇ, ನೀರು, ಲವಣ ಮಾತ್ರ ಪರರದು. ಮಿತಿಮೀರಿದರೆ ಆ ಕೊಂಬೆ ತುದಿಯಿಂದ ಒಣಗುತ್ತಾ ಬರುತ್ತದೆ, ಫಸಲು ಕುಸಿಯುತ್ತದೆ.

ಇದೇ ಹೆಸರು ಒಂದು ಹಕ್ಕಿಗೂ ಅಂಟಿದೆ. ಬದನಿಕೆ ಹಕ್ಕಿ ಎಂಟು ಸೆಂಟಿಮೀಟರಿನ ಬೂದು ಬಣ್ಣದ ಪುಟ್ಟ ಜೀವ. ಗಿಡದ ಮಕರಂದ ಕುಡಿದು ಪರಾಗ ಸಾಗಿಸುವುದೂ ಅದೇ, ಹಣ್ಣು ನುಂಗಿ ಬೀಜ ಬಿತ್ತುವುದೂ ಅದೇ. ಬೀಜದ ಸುತ್ತ ಗೋಂದಿನಂಥ ಅಂಟಿರುವುದರಿಂದ ಹಿಕ್ಕೆಯೊಡನೆ ಬಂದರೂ ಉದುರುವುದಿಲ್ಲ. ಹಕ್ಕಿ ಹಿಂಭಾಗವನ್ನು ಕೊಂಬೆಗೆ ಉಜ್ಜಿ ಬಿಡಿಸಿಕೊಳ್ಳಬೇಕು. ಬೀಜಕ್ಕೆ ಬೇಕಾದದ್ದೂ ಆ ಕೊಂಬೆಯೇ. ಕೆಲವು ಬದನಿಕೆಗಳ ಹಣ್ಣು ಹೂವನ್ನೇ ಹೋಲುವುದನ್ನು ಪರಿಸರ ವಿಜ್ಞಾನಿ ಪ್ರಿಯಾ ದಾವಿದಾರ್ 1983ರಲ್ಲಿ ಬರೆದರು. ಗಿರಾಕಿ ಒಬ್ಬನೇ ಆದಾಗ ಬೋರ್ಡು ಬದಲಿಸುವುದೇಕೆ?

ಇಂಥ ನಂಟಿಗೆ ಪಠ್ಯಪುಸ್ತಕದ ಹೆಸರು ‘ಸಹಜೀವನ’. ಪತ್ರಿಕೆಗಳಲ್ಲಿ ಈಗ ಆ ಪದ ಮದುವೆಯಾಗದೆ ಜೊತೆಗಿರುವ ಜೋಡಿಗಳ ಪಾಲಾಗಿದೆ. 1879ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ ಈ ಪರಿಕಲ್ಪನೆಯನ್ನು ವಿವರಿಸಿದಾಗ ಬೇರೆ ಬೇರೆ ಜೀವಿಗಳು ಕೂಡಿ ಬಾಳುವುದನ್ನಷ್ಟೇ ಹೇಳಿದ್ದ. ಲಾಭ ಇಬ್ಬರಿಗೂ ಇರಬೇಕೆಂಬ ಷರತ್ತು ಹಾಕಿರಲಿಲ್ಲ. ಪರೋಪಜೀವಿಗೂ ಅಲ್ಲಿ ಜಾಗವಿತ್ತು.

ಆ ವಿಶಾಲ ಅರ್ಥವೇ ಮೇಲು. ಪರೋಪಜೀವಿಯನ್ನು ನಂಬಿಯೂ ಹಲವು ಜೀವಗಳಿವೆ. ಜೆಜೆಬೆಲ್ ಚಿಟ್ಟೆಯ ಮರಿಹುಳು ಬದುಕುವುದೇ ಬದನಿಕೆ ಎಲೆಯ ಮೇಲೆ. ಆಸ್ಟ್ರೇಲಿಯಾದ ಕೆಲವು ಕಾಡುತುಣುಕುಗಳಲ್ಲಿ ಬದನಿಕೆ ಜಾತಿಯ ಗಿಡಗಳನ್ನೆಲ್ಲ ಕಿತ್ತು ನೋಡಿದರೆ, ಮೂರು ವರ್ಷದಲ್ಲಿ ಅಲ್ಲಿನ ಹಕ್ಕಿಗಳ ಬಗೆಗಳೇ ಕಡಿಮೆಯಾದವು. ಉದುರಿದ ಬದನಿಕೆ ಎಲೆ ನೆಲಕ್ಕೆ ಗೊಬ್ಬರ, ಗೊಬ್ಬರದಿಂದ ಹುಳು, ಹುಳುವಿನಿಂದ ಹಕ್ಕಿ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬದನಿಕೆಗೆ ‘ಉಪ್ಪಿಲು’ ಅನ್ನುತ್ತಾರೆ. ಆದರೆ ಅಲ್ಲಿನ ನೆಲ್ಲಿ ಮರಗಳಿಗೆ ಅದರಿಂದ ಪೆಟ್ಟು ಬಿದ್ದಿದೆ. ಉಪ್ಪಿಲು ಹಿಂದೆಯೂ ಇತ್ತು, ತರಗೆಲೆಗೆ ಹಚ್ಚುತ್ತಿದ್ದ ಬೆಂಕಿ ಅದನ್ನು ಹದ್ದುಬಸ್ತಿನಲ್ಲಿಟ್ಟಿತ್ತು. 1974ರಲ್ಲಿ ಅಭಯಾರಣ್ಯವಾಗಿ ಬೆಂಕಿ ನಿಂತ ಮೇಲೆ ಎಲ್ಲೆ ಮೀರಿತು ಎಂಬುದು ಅವರ ವಾದ.

ಬೈಗುಳ ಸೋಲುವುದು ಇಲ್ಲೇ. ಅಂಟಿಕೊಂಡದ್ದನ್ನು ಅದು ಹೇಳುತ್ತದೆ, ಎಷ್ಟು ಎಂಬುದನ್ನಲ್ಲ. ತೋಟದ ಮಾವಿನಲ್ಲಿ ಬದನಿಕೆ ಕಂಡರೆ ಅದು ಕೂತ ಜಾಗದಿಂದ ಕೆಳಕ್ಕೆ ಕೊಂಬೆ ಸಮೇತ ಕತ್ತರಿಸಿ. ರಸ್ತೆ ಬದಿಯ ಹೊಂಗೆಯಲ್ಲಿ ಒಂದೆರಡು ಪೊದೆ ಇದ್ದರೆ ಇರಲಿ ಬಿಡಿ.