ಮಗಳ ಮನೆಗೆ ಮಲೆ ಹತ್ತಿದವರು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸೀಮೆಯಲ್ಲಿ ಬೆಟ್ಟವೆಂದರೆ ಕುರುಚಲು ಗಿಡಗಳ ಕಲ್ಲುಗುಡ್ಡ. ಎರೆಹೊಲ, ಕಬ್ಬಿನ ಗದ್ದೆ, ಮಗ್ಗದ ಮನೆ, ಕೃಷ್ಣೆ-ಘಟಪ್ರಭೆಯ ದಂಡೆ, ಇಷ್ಟರಲ್ಲೇ ಇಲ್ಲಿನವರ ಬದುಕು. ಇಂಥ ಬಯಲಿನ ಗಂಡ-ಹೆಂಡಿರು ತಲೆಮಾರುಗಳಿಂದ ಜೋಡಿಯಾಗಿ ಹೊರಟ ದೊಡ್ಡ ಮಲೆಯ ದಾರಿ ಶ್ರೀಶೈಲದ್ದು. ಯುಗಾದಿಗೆ ಮುಂಚೆ ದೇವರ ಕಂಬಿ ಹೊತ್ತವರ ಹಿಂದೆ ಊರೂರಿನ ತಂಡಗಳು ಏಳುತ್ತವೆ. ಇಳಕಲ್, ಲಿಂಗಸುಗೂರು, ರಾಯಚೂರು, ಕರ್ನೂಲು, ಆತ್ಮಕೂರು ದಾಟಿ 400 ಕಿ.ಮೀ.ಗೂ ಹೆಚ್ಚು ನಡಿಗೆ. ಆತ್ಮಕೂರಿನ ಆಚೆ ನಲ್ಲಮಲೆಯ ಅಡವಿ: ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳದ ಇಳಿಜಾರು, ಅಲ್ಲಿಂದ ಕೈಲಾಸ ದ್ವಾರದ ಕಡಿದಾದ ಏರು. ಈ ನಡಿಗೆಯನ್ನು ಹರಕೆ, ಕಠಿಣ ವ್ರತ, ದೇಹದಂಡನೆ ಎಂದು ಬಣ್ಣಿಸುವುದು ವಾಡಿಕೆ. ಮರಗಾಲು ಕಟ್ಟಿಕೊಂಡು ನಡೆಯುವ ತರುಣರ ಚಿತ್ರ ಪತ್ರಿಕೆಯಲ್ಲಿ ಬಂದಾಗಲಂತೂ ಆ ಮಾತು ಇನ್ನೂ ಗಟ್ಟಿಯಾಗುತ್ತದೆ. ಆದರೆ ಈ ದಾರಿಯನ್ನು ಇಷ್ಟು ಕಾಲ ಸವೆಯಿಸಿದ್ದು ಬೀಗತನ ಎಂಬುದು ನನ್ನ ವಾದ. ಸಂಸಾರ ಬಿಟ್ಟವರ ಮಲೆಗೆ ಸಂಸಾರ ಮಾಡುವವರು ತಮ್ಮದೇ ಒಂದು ಕಾರಣ ಹುಡುಕಿಕೊಂಡರು.

ಆ ಕಾರಣ ಅವರ ಮಾತಿನಲ್ಲೇ ಇದೆ. ಉತ್ತರ ಕರ್ನಾಟಕದ ಭಕ್ತರಿಗೆ ಶ್ರೀಶೈಲದ ದೇವಿ ಭ್ರಮರಾಂಬೆ ಕನ್ನಡ ನಾಡಿನ ಮಗಳು, ಅವಳ ಗಂಡ ಮಲ್ಲಯ್ಯ, ಅಂದರೆ ಮಲ್ಲಿಕಾರ್ಜುನ, ಅಳಿಯ. ಹೊಸ ವರ್ಷಕ್ಕೆ ಮಗಳ ಮನೆಗೆ ಬರಿಗೈಯಲ್ಲಿ ಹೋಗುವವರುಂಟೆ? ಸೀರೆ, ಕುಪ್ಪಸದ ಖಣ, ಅರಿಷಿಣ-ಕುಂಕುಮ, ಬಳೆ ಒಯ್ಯುತ್ತಾರೆ. ಮದುವೆಯಾಗಿ ಹೋದ ಮಗಳಿಗೆ ಉಡಿ ತುಂಬುವ ಸಾಮಗ್ರಿಯೂ ಇದೇ. ರಬಕವಿ-ಬನಹಟ್ಟಿಯಂಥ ನೇಕಾರರ ಊರಿನಲ್ಲಿ ಈ ಸೀರೆಗೆ ಇನ್ನೊಂದು ತೂಕವಿದೆ; ಮಗ್ಗದ ಮನೆಯವರು ಮಗಳಿಗೆ ಮತ್ತೇನು ತಾನೆ ಕೊಟ್ಟಾರು? ಹೊರಡುವ ಹೊತ್ತೂ ಮನೆವಾರ್ತೆಗೆ ಹೊಂದಿಕೊಂಡೇ ಇದೆ. ಹಿಂಗಾರಿ ಜೋಳ, ಕಡಲೆ ರಾಶಿಯಾಗಿ ಮನೆ ಸೇರಿ, ಮುಂಗಾರಿನ ಹರಗುವ ಕೆಲಸ ಇನ್ನೂ ಹತ್ತದ ಬಿಡುವು ಅದು. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ. ಅಂದರೆ ದಿನಗಟ್ಟಲೆ ಕೆಡದ, ಹೆಂಗಸರ ಕೈಯಿಂದ ಮೊದಲೇ ತಯಾರಾಗಬೇಕಾದ ಊಟ. ಮನೆಯ ಪೂರ್ತಿ ಒಪ್ಪಿಗೆಯಿಲ್ಲದೆ ಈ ಬುತ್ತಿ ಕಟ್ಟಿ ಮುಗಿಯುವುದಿಲ್ಲ. ಕಂಬಿ ತಿರುಗಿ ಬಂದ ಮೇಲೆ ಊರಲ್ಲಿ ಐದೇಶಿ ಮಾಡಿ ಎಲ್ಲರಿಗೂ ಉಣಬಡಿಸುವುದು, ಬೀಗರ ಊರಿಂದ ಬಂದವರು ತಂದದ್ದನ್ನು ಓಣಿಗೆಲ್ಲ ಹಂಚುವ ರೀತಿಯದೇ.

ಇದಕ್ಕೆ ಮೊದಲ ಆಕ್ಷೇಪ ಚರಿತ್ರೆಯಿಂದಲೇ ಬರುತ್ತದೆ, ಅದು ಸಣ್ಣದಲ್ಲ. ಕನ್ನಡದ ನೆನಪಿನಲ್ಲಿ ಶ್ರೀಶೈಲ ಮೊದಲಿಗೆ ಅಕ್ಕಮಹಾದೇವಿಯದು. 12ನೇ ಶತಮಾನದಲ್ಲಿ ಅರಮನೆ, ಗಂಡ, ಉಟ್ಟ ಬಟ್ಟೆ ಎಲ್ಲವನ್ನೂ ತೊರೆದವಳು ಕೊನೆಗೆ ಸೇರಿದ್ದು ಅಲ್ಲಿನ ಕದಳಿವನವನ್ನು. ಅಲ್ಲಮನ ಹೆಸರೂ ಅದೇ ಕದಳಿಯೊಂದಿಗೆ ಬೆಸೆದಿದೆ. ದೇವಾಲಯದ ಅಂಗಳದಲ್ಲಿ ರೆಡ್ಡಿ ಅರಸ ಅನವೇಮ 14ನೇ ಶತಮಾನದಲ್ಲಿ ಕಟ್ಟಿಸಿದ ವೀರಶಿರೋಮಂಟಪವಂತೂ ತಲೆಯನ್ನೇ ಅರ್ಪಿಸುವ ಉಗ್ರಭಕ್ತಿಯ ಜಾಗ. ಇಂಥ ಮಲೆಯನ್ನು ಮಗಳ ಮನೆ ಎನ್ನುವುದು ಇತ್ತೀಚಿನ ಮೆದುಮಾತಲ್ಲವೆ ಎಂದು ಯಾರಾದರೂ ಕೇಳಬಹುದು. ಆದರೆ ಅದೇ ಶತಮಾನಗಳ ಕಲ್ಲು ಇನ್ನೊಂದು ಕಥೆಯನ್ನೂ ಹೇಳುತ್ತದೆ. ಕೊಂಡವೀಡಿನ ರೆಡ್ಡಿ ರಾಜ್ಯದ ಪ್ರೋಲಯ ವೇಮ ಮಲೆಗೆ ಮೆಟ್ಟಿಲು ಕಟ್ಟಿಸಿದ. ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠಲಾಂಬೆ, ಕೃಷ್ಣೆಯ ಪಾತಾಳಗಂಗೆಗೆ ಇಳಿಯಲು ಸೋಪಾನ ಮಾಡಿಸಿದಳು. ಮುಂದೆ ಕೃಷ್ಣದೇವರಾಯ ಸಾಲುಮಂಟಪಗಳನ್ನು ಎಬ್ಬಿಸಿದ. ದೇಹದ ಹಂಗು ಹರಿದವರಿಗೆ ಮೆಟ್ಟಿಲು, ನೆರಳು ಯಾಕೆ? ಅವು ಬೇಕಾದದ್ದು ಮುದುಕಿಯರಿಗೆ, ಕೂಸು ಎತ್ತಿಕೊಂಡವರಿಗೆ, ತಿರುಗಿ ಊರಿಗೆ ಹೋಗಿ ಹೊಲ ನೋಡಬೇಕಾದವರಿಗೆ. ಪಾಲ್ಕುರಿಕೆ ಸೋಮನಾಥ 13ನೇ ಶತಮಾನದಲ್ಲಿ ಬರೆದ ತೆಲುಗಿನ ‘ಪಂಡಿತಾರಾಧ್ಯ ಚರಿತ್ರ’ದಲ್ಲಿ ಪರ್ವತಕ್ಕೇ ಒಂದು ಪ್ರಕರಣ ಮೀಸಲು, ಅದರಲ್ಲಿ ದಾರಿಯುದ್ದಕ್ಕೂ ಹಾಡುತ್ತ ಸಾಗುವ ಯಾತ್ರಿಕರ ಗದ್ದಲವಿದೆ. ಅಕ್ಕನ ಏಕಾಂತದ ದಾರಿ, ಸಂಸಾರಸ್ಥರ ಗುಂಪಿನ ದಾರಿ ಎರಡೂ ಒಂದೇ ಮಲೆಯನ್ನು ಹತ್ತಿದವು. ನಮ್ಮ ಸಾಹಿತ್ಯ ಮೊದಲನೆಯದನ್ನು ಹೆಚ್ಚು ಪ್ರೀತಿಸಿತು, ಅಷ್ಟೆ.

ಅಳಿಯ-ಮಗಳ ಮಾತು ಈ ಸೀಮೆಯವರ ಒಂಟಿ ಕಲ್ಪನೆಯೂ ಅಲ್ಲ. ನಲ್ಲಮಲೆಯ ಅಡವಿಯಲ್ಲೇ ಹುಟ್ಟಿ ಬೆಳೆಯುವ ಚೆಂಚುಗಳಿಗೆ ದೇವರು ಚೆಂಚು ಮಲ್ಲಯ್ಯ. ತಮ್ಮ ಹುಡುಗಿಯನ್ನು ಮದುವೆಯಾದ ಅಳಿಯ. ಬಯಲಿನ ಒಕ್ಕಲಿಗ, ನೇಕಾರ, ಅಡವಿಯ ಬೇಟೆಗಾರ, ಎಲ್ಲರೂ ಒಬ್ಬನೇ ಅಳಿಯನಿಗೆ ಮಾವಂದಿರು! ನಗು ಬರುವಂಥ ಈ ನಂಟಸ್ತಿಕೆಯಲ್ಲಿ ಒಂದು ವ್ಯವಹಾರಜ್ಞಾನವೂ ಇದ್ದಿರಬೇಕು. ಪರರ ಭಾಷೆಯ, ಪರರ ಆಳ್ವಿಕೆಯ ನೆಲದಲ್ಲಿ ದಿನಗಟ್ಟಲೆ ನಡೆಯುವವರಿಗೆ ನೆಂಟರು ಎನಿಸಿಕೊಳ್ಳುವುದಕ್ಕಿಂತ ದೊಡ್ಡ ರಹದಾರಿ ಯಾವುದು? 19ನೇ ಶತಮಾನದ ಕೊನೆಯ ಹೊತ್ತಿನ ನಕಾಶೆ ನೋಡಿ. ಮುಧೋಳದಿಂದ ಹೊರಟವರು ಘೋರ್ಪಡೆಯವರ ಪ್ರಜೆಗಳು, ಜಮಖಂಡಿಯವರು ಪಟವರ್ಧನರ ಪ್ರಜೆಗಳು, ರಬಕವಿ ಸಾಂಗ್ಲಿ ಸಂಸ್ಥಾನದ್ದು, ಬೀಳಗಿ ಬ್ರಿಟಿಷರ ಮುಂಬೈ ಇಲಾಖೆಯದು. ಲಿಂಗಸುಗೂರು-ರಾಯಚೂರಿನಲ್ಲಿ ನಿಜಾಮನ ನೆಲ, ತುಂಗಭದ್ರೆ ದಾಟಿ ಕರ್ನೂಲಿಗೆ ಕಾಲಿಟ್ಟರೆ ಮದ್ರಾಸ್ ಇಲಾಖೆ. 1948ರಲ್ಲಿ ಸಂಸ್ಥಾನಗಳು ಕರಗಿದವು, 1953ರಲ್ಲಿ ಕರ್ನೂಲು ಆಂಧ್ರದ ರಾಜಧಾನಿಯಾಯಿತು, 1956ರಲ್ಲಿ ಗಡಿಗಳು ಮತ್ತೆ ಬದಲಾದವು. ನಡೆಯುವವರ ಮಾತಿನಲ್ಲಿ ಮಾತ್ರ ಅಳಿಯ ಅಳಿಯನಾಗಿಯೇ ಉಳಿದ. ಮೇಲಾಗಿ ಇವರನ್ನು ಅಲ್ಲಿಗೆ ಕಟ್ಟಿದ ಹಗ್ಗ ಇನ್ನೊಂದಿದೆ: ಜಮಖಂಡಿ, ರಬಕವಿಯ ಮಗ್ಗುಲಲ್ಲಿ ಹರಿಯುವ ಕೃಷ್ಣೆಯೇ ಘಟಪ್ರಭೆ, ಮಲಪ್ರಭೆ, ಭೀಮೆ, ತುಂಗಭದ್ರೆಯರನ್ನು ಕೂಡಿಕೊಂಡು ಶ್ರೀಶೈಲದ ಕೆಳಗೆ ಪಾತಾಳಗಂಗೆಯಾಗುತ್ತಾಳೆ. ಊರಲ್ಲಿ ಬಿಟ್ಟುಬಂದ ಹೊಳೆ ಮಗಳ ಮನೆಯ ಹಿತ್ತಲಲ್ಲಿ ಮತ್ತೆ ಸಿಗುತ್ತದೆ.

ಈಗೆಲ್ಲ ಕಾರು, ಟೆಂಪೊಗಳಲ್ಲಿ ಬೆಳಿಗ್ಗೆ ಹೊರಟ ದಂಪತಿ ರಾತ್ರಿಗೆ ಮಲೆಯ ಮೇಲಿರುತ್ತಾರೆ, ಇದು ಪ್ರವಾಸವೇ ಹೊರತು ಯಾತ್ರೆಯಲ್ಲ ಎಂಬ ತಕರಾರೂ ಉಂಟು. ತಪಸ್ಸೇ ಈ ದಾರಿಯ ತಿರುಳಾಗಿದ್ದರೆ ತಕರಾರು ಸರಿ. ಕಾರಿನಲ್ಲಿ ಕೂತು ದೇಹದಂಡನೆ ಮಾಡಲಾಗದು. ಮಗಳ ಮನೆಗೆ ಹೋಗುವವರು ಹಿಂದೆ ಚಕ್ಕಡಿ ಹೂಡಿದರು, ಆಮೇಲೆ ಬಸ್ಸು ಹತ್ತಿದರು, ಈಗ ಕಾರು. ಗಾಡಿ ಬದಲಾದರೆ ನಂಟು ಬದಲಾಗುವುದಿಲ್ಲ. ಸೀರೆ ಹಿಂದಿನ ಸೀಟಿನ ಚೀಲದಲ್ಲಿ ಇದ್ದೇ ಇರುತ್ತದೆ. ಹೌದು, ಕಳೆದುಹೋದದ್ದೂ ಇದೆ. ದೋರ್ನಾಲದ ಘಾಟಿಯಲ್ಲಿ ಡಾಂಬರು ಹತ್ತಿ ಬರುವವರಿಗೆ ನಾಗಲೂಟಿಯ ವೀರಭದ್ರ ಕಾಣುವುದಿಲ್ಲ, ಚೆಂಚುಗಳ ಗುಡಿಸಲ ಮುಂದೆ ನೀರು ಕೇಳುವ ಪ್ರಸಂಗವಿಲ್ಲ, ಹಾಡುಗಳೂ ಭೀಮನ ಕೊಳ್ಳದ ಕಡೆಗೇ ಉಳಿದವು. ಹಾಟಕೇಶ್ವರದ ಹತ್ತಿರ ಮಾತ್ರ ಕಾಲುದಾರಿಯೂ ಘಾಟಿರಸ್ತೆಯೂ ಕೂಡುತ್ತವೆ. ಮುಂದೆ ಸಾಕ್ಷಿ ಗಣಪತಿಯ ಗುಡಿ. ಬಂದವರ ಲೆಕ್ಕ ಬರೆದಿಡುವವನೆಂದು ಅವನ ಕೈಯಲ್ಲಿ ಪುಸ್ತಕ, ಲೇಖನಿ. ಅಂಗಾಲು ಒಡೆದ ಜೋಡಿಯೂ ಕಾರಿನಿಂದ ಇಳಿದ ಜೋಡಿಯೂ ಅಲ್ಲಿ ಒಂದೇ ಸಾಲಿನಲ್ಲಿ ನಿಂತು ತಮ್ಮ ಹೆಸರು ಹೇಳುತ್ತಾರೆ.