ಚರ್ಚು ಉಳಿಯಿತು, ಸುತ್ತಲಿನ ದುಂಡನೆ ಊರು?

ನಮ್ಮ ವಿಜಯನಗರ, ರಾಜಾಜಿನಗರದ ಕಡೆಯವರಿಗೆ ವೈಟ್‌ಫೀಲ್ಡ್ ಅಂದರೆ ಬೇರೆ ದೇಶವೇ ಸರಿ. 2023ರ ಅಕ್ಟೋಬರಿನಲ್ಲಿ ನೇರಳೆ ಮೆಟ್ರೋ ಪೂರ್ತಿಯಾದ ಮೇಲೆ ಕೆಂಗೇರಿಯಲ್ಲಿ ಹತ್ತಿದವರು ಎಲ್ಲೂ ಇಳಿಯದೆ ಕಾಡುಗೋಡಿವರೆಗೂ ಹೋಗಬಹುದು. ಆದರೂ ಅಲ್ಲಿ ಏನಿದೆ ಅಂತ ಕೇಳಿದರೆ ಸಾಫ್ಟ್‌ವೇರ್ ಕಂಪನಿ, ಮಾಲು, ಟ್ರಾಫಿಕ್ಕು ಅಂತಲೇ ಉತ್ತರ. ಅಲ್ಲೊಂದು 1886ರ ಚರ್ಚಿದೆ, ಅದರ ಹತ್ತಿರ ದುಂಡಗೆ ರೂಪಿಸಿದ ಪುಟ್ಟ ಊರೊಂದಿತ್ತು ಅಂದರೆ ಹುಬ್ಬೇರಿಸುತ್ತಾರೆ. ಇತ್ತೀಚೆಗೆ ನಮ್ಮ ಬಡಾವಣೆಗಳಲ್ಲೂ "ಪಕ್ಕದ ಸೈಟಲ್ಲಿ ಅಪಾರ್ಟ್‌ಮೆಂಟ್ ಬರ್ತಿದೆಯಂತೆ, ಹೇಗಾದ್ರೂ ತಡೀಬೇಕು" ಅನ್ನೋ ಮಾತು ಜೋರಾಗಿದೆಯಲ್ಲ, ಅದನ್ನು ಕೇಳಿದಾಗಲೆಲ್ಲ ನನಗೆ ಈ ದುಂಡು ಊರೇ ನೆನಪಾಗುತ್ತದೆ.

ಕತೆ ಶುರುವಾಗುವುದು 1882ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಬ್ರಿಟಿಷರು ಮೈಸೂರು ಸಂಸ್ಥಾನವನ್ನು ಒಡೆಯರಿಗೆ ವಾಪಸ್ ಒಪ್ಪಿಸಿದ್ದರು. ಹತ್ತನೇ ಚಾಮರಾಜ ಒಡೆಯರು ಆಗ ಯುರೇಶಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಜಮೀನು ಕೊಟ್ಟರು. ಸಂಘದ ಹಿಂದಿದ್ದವರು ಡಿ. ಎಸ್. ವೈಟ್. ಊರಿಗೆ ಹೆಸರು ಬಂದಿದ್ದು ಅವರಿಂದಲೇ (ಬಿಳಿ ಹೊಲ ಅಂತ ಅರ್ಥ ಹುಡುಕಬೇಡಿ!). ಅತ್ತ ಇಂಗ್ಲಿಷರೂ ಅಲ್ಲ, ಇತ್ತ ಇಂಡಿಯನ್ನರೂ ಅಲ್ಲ ಅನ್ನಿಸಿಕೊಂಡಿದ್ದ ಈ ಸಮುದಾಯ ಸರ್ಕಾರಿ ಗುಮಾಸ್ತಿಕೆ, ತಂತಿ, ರೈಲಿನ ಕೆಲಸಗಳನ್ನೇ ನಂಬಿತ್ತು. ಓದಿದ ಭಾರತೀಯರು ಆ ಕೆಲಸಗಳಿಗೆ ಬರತೊಡಗಿದ್ದರು. ನೌಕರಿ ನಂಬಿ ಕೂತರೆ ಆಗಲ್ಲ, ನೆಲ ಉತ್ತು ಬದುಕೋಣ ಅನ್ನುವುದು ವೈಟ್ ಅವರ ಲೆಕ್ಕಾಚಾರ.

ಊರಿನ ನಕ್ಷೆಯೂ ಆ ಲೆಕ್ಕದ್ದೇ. ನಡುವೆ ದುಂಡನೆಯ ಬಯಲು, ಸುತ್ತ ರಸ್ತೆ, ರಸ್ತೆಯಾಚೆ ದೊಡ್ಡ ದೊಡ್ಡ ತೋಟದ ಮನೆಗಳು. ಇವತ್ತಿನ ಇನ್ನರ್ ಸರ್ಕಲ್ ಅದೇ. ಹಂಚಿನ ಮಾಡು, ಮುಂದೆ ಜಗಲಿ, ಹಿಂದೆ ಹಣ್ಣಿನ ಗಿಡಗಳು. ನಾಲ್ಕೇ ವರ್ಷದಲ್ಲಿ, 1886ಕ್ಕೆ, ಮೆಮೋರಿಯಲ್ ಚರ್ಚ್ ಎದ್ದಿತು. ಮರಗಳ ನಡುವೆ ತಗ್ಗಿನ ಮನೆಗಳಿದ್ದ ಊರಲ್ಲಿ ಅದು ದೊಡ್ಡದಾಗಿ ಕಾಣಬೇಕಾದ ಅಗತ್ಯವೇ ಇರಲಿಲ್ಲ. ನನ್ನ ಪ್ರಕಾರ ಈ ಮಾತೇ ಮುಖ್ಯ. ಕಂಟೋನ್ಮೆಂಟಿನ ಚರ್ಚುಗಳ ಹಾಗೆ ಪೆರೇಡ್ ಮೈದಾನದೆದುರು ಠೀವಿಯಿಂದ ನಿಲ್ಲುವುದಕ್ಕಲ್ಲ, ಊರಿನ ಜೊತೆ ನಿಲ್ಲುವುದಕ್ಕೆ ಕಟ್ಟಿದ ಚರ್ಚಿದು.

(ಚರ್ಚಿಲ್ ಇಲ್ಲಿನ ವೇವರ್ಲಿ ಇನ್ನಿಗೆ ಬರುತ್ತಿದ್ದ, ಮಾಲೀಕರ ಮಗಳ ಹಿಂದೆ ಸುತ್ತುತ್ತಿದ್ದ ಅನ್ನೋ ಕತೆ ಎಲ್ಲ ಲೇಖನದಲ್ಲೂ ಬರುತ್ತೆ. 1890ರ ದಶಕದ ಕೊನೆಯಲ್ಲಿ ಅವನು ಬೆಂಗಳೂರಿನಲ್ಲಿದ್ದದ್ದು ನಿಜ. ಉಳಿದದ್ದು ಕತೆ ಅಂತಲೇ ಇಟ್ಟುಕೊಳ್ಳೋಣ.)

ಬೇಸಾಯ ಕೈಹತ್ತಲಿಲ್ಲ. ಒಣ ನೆಲ, ನೀರಿಗೆ ಪರದಾಟ. ರೈಲ್ವೆಯಲ್ಲೋ ಕೋಲಾರದ ಚಿನ್ನದ ಗಣಿಯಲ್ಲೋ ದುಡಿದು ನಿವೃತ್ತರಾದವರು ನೆಮ್ಮದಿಗಾಗಿ ಬಂದು ನೆಲೆಸುವ ಜಾಗವಾಯಿತು. 1947ರ ನಂತರ ಎಷ್ಟೋ ಮನೆಗಳ ಮಕ್ಕಳು ಇಂಗ್ಲೆಂಡು, ಆಸ್ಟ್ರೇಲಿಯಾ, ಕೆನಡಾ ಅಂತ ಹೊರಟರು. ಅಮೇಲೆ 1990ರ ದಶಕದಲ್ಲಿ ಐಟಿ ಪಾರ್ಕ್ ಬಂತು. ಚಿನ್ನದ ಬೆಲೆಯಾದ ನೆಲವನ್ನು ವಯಸ್ಸಾದ ಮಾಲೀಕರು ಮಾರಿದರೆ ತಪ್ಪೇನು ಹೇಳಿ? ಮಕ್ಕಳು ವಾಪಸ್ ಬರಲ್ಲ, ಹಂಚು ಸೋರುತ್ತೆ, ಕೊಳ್ಳುವವನು ಬಾಗಿಲಲ್ಲೇ ನಿಂತಿದ್ದಾನೆ. ಒಂದು ತೋಟದ ಮನೆ ಇದ್ದ ಜಾಗದಲ್ಲಿ ಹತ್ತಾರು ಫ್ಲ್ಯಾಟುಗಳು. ಉಳಿದ ಹಳಬರು ಹಳಹಳಿಸುತ್ತಲೇ, ಆಕ್ಷೇಪಿಸುತ್ತಲೇ ಬಂದಿದ್ದಾರೆ.

ಆದರೆ ಆಕ್ಷೇಪಕ್ಕೆ ಆಧಾರವಾಗಿ ಹಿಡಿದುಕೊಳ್ಳಲು ಏನಿದೆ? ಕಟ್ಟಡದ ಗಾತ್ರ ನಿರ್ಧಾರವಾಗುವುದು ಎಫ್‌ಎಆರ್ ಅನ್ನೋ ಲೆಕ್ಕದಿಂದ. 1,200 ಚದರಡಿಯ ಸೈಟಿಗೆ ಎಫ್‌ಎಆರ್ 1.75 ಅಂದರೆ ಎಲ್ಲ ಮಹಡಿ ಸೇರಿ 2,100 ಚದರಡಿ ಕಟ್ಟಬಹುದು. ಸೈಟು ದೊಡ್ಡದಾದಷ್ಟೂ, ಎದುರಿನ ರಸ್ತೆ ಅಗಲವಾದಷ್ಟೂ ಈ ಅಂಕಿ ಏರುತ್ತದೆ. ವ್ಯಂಗ್ಯ ನೋಡಿ, ಅಂದು ತೋಟಕ್ಕೆಂದು ದೊಡ್ಡದಾಗಿ ಬಿಟ್ಟ ಜಾಗವೇ ಇಂದು ಹೆಚ್ಚು ಕಟ್ಟಲು ಅನುಕೂಲ! ಪಕ್ಕದಲ್ಲಿ ನೂರು ವರ್ಷ ದಾಟಿದ ಚರ್ಚಿದೆ ಅನ್ನುವುದು ಈ ಲೆಕ್ಕದೊಳಗೆ ಬರುವುದಿಲ್ಲ. 2017ರ ಕೊನೆಯಲ್ಲಿ ಬಿಡಿಎ ಹೊರತಂದ 2031ರ ಕರಡು ಮಹಾಯೋಜನೆಯಲ್ಲಿ ಬಸವನಗುಡಿ, ಮಲ್ಲೇಶ್ವರಗಳ ಜೊತೆ ವೈಟ್‌ಫೀಲ್ಡಿನ ಹಳೆ ವಸಾಹತನ್ನೂ ಪರಂಪರೆಯ ಪ್ರದೇಶಗಳ ಪಟ್ಟಿಗೆ ಸೇರಿಸಿದ್ದರು. ಆ ಕರಡೇ 2020ರಲ್ಲಿ ರದ್ದಾಯಿತು. ಹೀಗಾಗಿ 2007ರಲ್ಲಿ ಒಪ್ಪಿಗೆ ಪಡೆದ ಹಳೆಯ ಯೋಜನೆಯಲ್ಲೇ ನಗರ ನಡೆದುಕೊಂಡು ಬಂದಿದೆ.

ಚರ್ಚಿನ ಸ್ವಂತ ನೆಲಕ್ಕೆ ಕೈ ಹಾಕಿದರೆ ಕೇಳುವವರಿರುತ್ತಾರೆ. ರಿಚ್ಮಂಡ್ ಟೌನಿನ ಆಲ್ ಸೇಂಟ್ಸ್ ಚರ್ಚಿನ ಆವರಣ ಮೆಟ್ರೋಗೆ ಬೇಕು ಅಂದಾಗ ಅಲ್ಲಿನ ಸಭಿಕರು ಮರಗಳಡಿ ನಿಂತು ಪ್ರತಿಭಟಿಸಿದರು, ಸಾಲ ಕೊಡುವ ಯುರೋಪಿನ ಬ್ಯಾಂಕಿನವರೆಗೂ ದೂರು ಒಯ್ದರು. ಕಾಂಪೌಂಡಿನಾಚೆಯ ನೋಟ ಯಾರ ಆಸ್ತಿ? ಅದಕ್ಕೆ ದೂರು ಕೊಡುವವರು ಯಾರು?

ದೂರದ ಚಂಡೀಗಢದಲ್ಲಿ ಕೊಟ್ಟರು. ಅಲ್ಲಿ ಚರ್ಚಿನ ಮಾತಿಲ್ಲ, ಕಾರ್ಬ್ಯೂಸಿಯೆ ರೂಪಿಸಿದ ಮೊದಲ ಹಂತದ, 1ರಿಂದ 30ರವರೆಗಿನ ಸೆಕ್ಟರುಗಳ ಮಾತು. ಒಂದೇ ಕುಟುಂಬಕ್ಕೆಂದು ಕೊಟ್ಟ ಮನೆಗಳನ್ನು ಮಹಡಿಗೊಂದರಂತೆ ಮಾರಲು 2001ರಲ್ಲಿ ನಿಯಮ ಬಂತು. ವಿರೋಧ ಜೋರಾಗಿ 2007ರಲ್ಲಿ ವಾಪಸ್ ಹೋಯಿತು. ಆಮೇಲೆ ಹಿಂಬಾಗಿಲು ತೆರೆಯಿತು: ಮೂವರು ಸೇರಿ ಮನೆಯ ಪಾಲು ಕೊಳ್ಳುವುದು, ಕೆಡವಿ ಮೂರು ಮಹಡಿ ಕಟ್ಟುವುದು, ಒಳಗೊಳಗೇ ಕರಾರು ಮಾಡಿಕೊಂಡು ಹಂಚಿಕೊಳ್ಳುವುದು. ನಿವಾಸಿಗಳ ಸಂಘ ಹೈಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಜನವರಿ 10ರಂದು ನ್ಯಾಯಮೂರ್ತಿಗಳಾದ ಬಿ. ಆರ್. ಗವಾಯಿ ಮತ್ತು ನಮ್ಮವರೇ ಆದ ಬಿ. ವಿ. ನಾಗರತ್ನ ಅವರ ಪೀಠ ಸಂಘದ ಪರ ತೀರ್ಪು ಕೊಟ್ಟಿತು. ಆ ತೀರ್ಪಿನಲ್ಲಿ, ಊರು ಹೇಗೆ ಹಾಳಾಗಬಾರದು ಅನ್ನುವುದಕ್ಕೆ ಹೆಸರಿಸಿದ್ದು ಯಾವ ಊರನ್ನು ಗೊತ್ತೇ? ಬೆಂಗಳೂರನ್ನು! 2022ರ ಮಳೆಯಲ್ಲಿ ನಾವು ಮುಳುಗಿದ್ದರ ಬಗ್ಗೆ ಇಂಡಿಯಾ ಟುಡೇ ಬರೆದ ಮುಖಪುಟ ಲೇಖನವನ್ನು ನ್ಯಾಯಾಲಯ ಎಚ್ಚರಿಕೆಯೆಂಬಂತೆ ಉದಾಹರಿಸಿತು. ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹಾಗಂತ ತಡೆಯುವವರೆಲ್ಲ ಪರಂಪರೆಯ ಕಾವಲುಗಾರರು ಅಂತ ನಾನು ಒಪ್ಪಲ್ಲ. 1949ರಲ್ಲಿ ಕೈಗಾರಿಕಾ ಬಡಾವಣೆಯಾಗಿ ಶುರುವಾದ ರಾಜಾಜಿನಗರದಲ್ಲಿ, ದುಡಿಯುವವರಿಗೆಂದು ಹಾಕಿದ ಚಿಕ್ಕ ಸೈಟುಗಳಲ್ಲಿ ನಾವೇ ನಾಲ್ಕು ಮಹಡಿ ಏರಿಸಿ ಬಾಡಿಗೆಗೆ ಕೊಟ್ಟಿದ್ದೇವೆ. ಮನೆಗಳಲ್ಲಿ ಶೇ. 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಮನ್ನಿಸುವ ಅಕ್ರಮ-ಸಕ್ರಮಕ್ಕೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಾಗ ಪೆಚ್ಚಾದವರು ಬರೀ ಬಿಲ್ಡರುಗಳಲ್ಲ. ದಿನಾ ಎರಡು ಗಂಟೆ ಬಸ್ಸಲ್ಲಿ ಬರುವ ಹುಡುಗನಿಗೆ ಕೆಲಸದ ಹತ್ತಿರ ಮನೆ ಬೇಡವೇ? ಬೇಕು. ಮೆಟ್ರೋ ನಿಲ್ದಾಣದ ಸುತ್ತ ಎತ್ತರಕ್ಕೆ ಕಟ್ಟಲಿ, ನನ್ನ ತಕರಾರಿಲ್ಲ. ಇಡೀ ವೈಟ್‌ಫೀಲ್ಡನ್ನು ಹಾಗೇ ಇಡಿ ಅಂತ ಯಾರೂ ಕೇಳಬೇಕಿಲ್ಲ. ಕೇಳಬೇಕಾದದ್ದು ಆ ದುಂಡು ಬಯಲು, ಅದರ ಸುತ್ತಲ ಒಂದು ಸಾಲು, ಚರ್ಚಿನ ಅಕ್ಕಪಕ್ಕ, ಇಷ್ಟು ಮಾತ್ರ. ಮನೆ ಉಳಿಸಿಕೊಳ್ಳುವ ಮಾಲೀಕನಿಗೆ ಬಿಟ್ಟುಕೊಟ್ಟ ಮಹಡಿಗಳ ಬೆಲೆಯೂ ಸಿಗಬೇಕು, ಬರೀ ಉಪದೇಶ ಸಾಲದು.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ನಾವು ಪಶ್ಚಿಮಕ್ಕೆ, ವೈಟ್‌ಫೀಲ್ಡ್ ಪೂರ್ವಕ್ಕೆ. ಹೊಸ ಮಹಾಯೋಜನೆಯ ಕರಡು ಯಾವಾಗ ಬಂದರೂ ಆಕ್ಷೇಪಣೆಗೆ ಕಾನೂನಿನಲ್ಲಿರುವುದು ಅರವತ್ತು ದಿನ. ಆ ಪಟ್ಟಿಯಲ್ಲಿ ಇನ್ನರ್ ಸರ್ಕಲ್ ಹೆಸರು ಮತ್ತೆ ಇದೆಯಾ ಅಂತ ನಾನಂತೂ ಮೊದಲು ಹುಡುಕುತ್ತೇನೆ.