ದೇವರ ಪಟದ ಬೆಲೆ

ಅಂಗಡಿಯಲ್ಲಿ ಲಕ್ಷ್ಮಿ, ಪಾಠಶಾಲೆಯಲ್ಲಿ ಸರಸ್ವತಿ, ಪಡಸಾಲೆಯಲ್ಲಿ ಮಂತ್ರಾಲಯದ ರಾಯರು. ನಮ್ಮ ಕೋಸಗಿ ಸೀಮೆಯಲ್ಲಿ ದೇವರ ಪಟವಿಲ್ಲದ ಮನೆ ವಿರಳ. ನಿತ್ಯ ಕೈಮುಗಿಯುವ ನಾವು ಈ ಪಟಗಳು ಎಲ್ಲಿಂದ ಬಂದವು, ಇವುಗಳ ನಿಜವಾದ ಬೆಲೆಯೇನು ಎಂದು ವಿಚಾರಿಸಿದ್ದು ಕಡಿಮೆ.

ರಾಘವೇಂದ್ರ ಸ್ವಾಮಿಗಳು ಬೃಂದಾವನಸ್ಥರಾದುದು 1671ರಲ್ಲಿ. ಆ ಕಾಲಕ್ಕೆ ಯೂರೋಪಿನ ಆಂಟ್‌ವರ್ಪ್, ಪ್ಯಾರಿಸ್ ನಗರಗಳಲ್ಲಿ ಸಂತರ ಚಿತ್ರಗಳನ್ನು ಅಚ್ಚುಹಾಕುವುದು ದೊಡ್ಡ ಉದ್ಯಮವಾಗಿತ್ತು. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಗೆರೆಗಳಲ್ಲಿ ಮಸಿ ತುಂಬಿ, ಒದ್ದೆ ಕಾಗದವನ್ನಿಟ್ಟು ಉರುಳೆಗಳ ನಡುವೆ ಒತ್ತುತ್ತಿದ್ದರು. ಬಣ್ಣವನ್ನು ಕೈಯಿಂದಲೇ ತುಂಬುತ್ತಿದ್ದರು. ಊರೂರು ತಿರುಗುವವರು ಅವನ್ನು ಹೊತ್ತು ಮಾರುತ್ತಿದ್ದರು. ತೈಲಚಿತ್ರ ಕೊಳ್ಳಲಾರದ ಬಡವನೂ ಕಾಗದದ ಸಂತನನ್ನು ಮನೆಗೆ ಒಯ್ಯಬಹುದಾಗಿತ್ತು. 1580ರಲ್ಲಿ ಪಾದ್ರಿಗಳು ಆಂಟ್‌ವರ್ಪಿನಲ್ಲಿ ಅಚ್ಚಾದ ಬೈಬಲ್ ಸಂಪುಟಗಳನ್ನು ಅಕ್ಬರನಿಗೆ ಕಾಣಿಕೆಯಿತ್ತರು. ಮೊಗಲ್ ಚಿತ್ರಕಾರರು ಯೂರೋಪಿನ ಇಂತಹ ಅಚ್ಚುಚಿತ್ರಗಳನ್ನು ನೋಡಿ ಬರೆದರು. ಆದರೆ ಅದು ಅರಮನೆಯೊಳಗಿನ ಮಾತು. ನಮ್ಮ ಜನರ ಗೋಡೆಗೆ ಬಣ್ಣದ ಅಚ್ಚಿನ ದೇವರು ಬರಲು ಇನ್ನೂ ಸುಮಾರು 300 ವರ್ಷ ಬೇಕಾಯಿತು.

ಅದಕ್ಕೆ ಕಾರಣವಾದುದು ಕಲ್ಲಚ್ಚು. 18ನೆಯ ಶತಮಾನದ ಕೊನೆಗೆ ಜರ್ಮನಿಯ ಸೆನೆಫೆಲ್ಡರ್ ಇದನ್ನು ಕಂಡುಹಿಡಿದನು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆದು ನೀರು ಸವರಿದರೆ, ಬಣ್ಣವು ಜಿಡ್ಡಿಗೆ ಮಾತ್ರ ಅಂಟುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ರಾಜಾ ರವಿವರ್ಮನು 1894ರಲ್ಲಿ ಜರ್ಮನ್ ಕುಶಲಿಗಳ ನೆರವಿನಿಂದ ಬೊಂಬಾಯಿಯಲ್ಲಿ ಇಂತಹ ಮುದ್ರಣಾಲಯವನ್ನು ತೆರೆದನು. ಮುಂದೆ ಅದು ಲೋಣಾವಳದ ಬಳಿಯ ಮಳವಳಿಗೆ ಹೋಯಿತು. ಅವನ ಲಕ್ಷ್ಮಿ, ಸರಸ್ವತಿಯರು ನಾಡಿನಾದ್ಯಂತ ಹಬ್ಬಿದರು. ಬೊಂಬಾಯಿ, ಮದ್ರಾಸುಗಳ ರೈಲು ಹಾದಿಗಳು 1871ರಲ್ಲೇ ರಾಯಚೂರಿನಲ್ಲಿ ಕೂಡಿದ್ದುದರಿಂದ ನಮ್ಮ ಸೀಮೆಗೂ ಬೊಂಬಾಯಿಯ ಸರಕಿಗೆ ದಾರಿಯಿತ್ತು. ಮುಂದೆ ಕಲಬುರಗಿಯವರೇ ಆದ ಎಸ್. ಎಂ. ಪಂಡಿತರು (1916–1993) ಕ್ಯಾಲೆಂಡರ್ ಚಿತ್ರಗಳಿಂದ ಹೆಸರಾದರು.

ಆನಂದ ಕುಮಾರಸ್ವಾಮಿಯವರಂತಹ ವಿದ್ವಾಂಸರು ರವಿವರ್ಮನ ಚಿತ್ರಗಳನ್ನು ನಾಟಕೀಯವೆಂದು ಹಳಿದರು. ಕಲೆಯ ದೃಷ್ಟಿಯಿಂದ ಆ ಮಾತಿಗೆ ಆಧಾರವಿರಬಹುದು. ಆದರೆ ಕೊಂಡವರ ತಕ್ಕಡಿ ಬೇರೆ. ಹೆಂಗಸರು ಆ ಪಟಗಳಿಗೆ ಜರಿ, ಮಣಿ, ಬಟ್ಟೆಯ ಚೂರುಗಳನ್ನು ಅಂಟಿಸಿ ಸೀರೆ ಉಡಿಸಿದರು. ಸಾವಿರ ಪ್ರತಿಗಳಲ್ಲಿ ಒಂದಾಗಿದ್ದ ಕಾಗದವು ಹೀಗೆ ಆ ಮನೆಯ ದೇವರಾಯಿತು.

ಇದಕ್ಕಿಂತ ದೊಡ್ಡ ಮಾತೊಂದಿದೆ. ಆದೋನಿ ಸೀಮೆ ಆಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ಪ್ರಾಂತದ ದೇವಾಲಯಗಳ ಬಾಗಿಲು ಕಾನೂನಿನಂತೆ ಎಲ್ಲ ಹಿಂದೂಗಳಿಗೂ ತೆರೆದುದು 1947ರ ಕಾಯಿದೆಯಿಂದ. ಅದಕ್ಕೂ ಐವತ್ತು ವರ್ಷ ಮೊದಲೇ ಅಚ್ಚಿನ ಪಟವು ಮಾರುಕಟ್ಟೆಗೆ ಬಂದಿತ್ತು. ಗರ್ಭಗುಡಿಯ ಮೂರ್ತಿಯನ್ನು ನೋಡಲು ಜಾತಿ ಅಡ್ಡ ಬರುತ್ತಿತ್ತು. ಪಟವನ್ನು ಕೊಳ್ಳಲು ಕೈಯಲ್ಲಿ ಕಾಸಿದ್ದರೆ ಸಾಕು. ಅದಕ್ಕೆ ಅರ್ಚಕನ ಅಪ್ಪಣೆ ಬೇಡ. ಪಟವು ಕಾಯಿದೆಗೆ ಬದಲಾಗಲಾರದು. ಬಾಗಿಲ ಹೊರಗೆ ನಿಲ್ಲಿಸಿದ ಅಪಮಾನವನ್ನೂ ಅದು ಅಳಿಸಲಿಲ್ಲ. ಆದರೂ ತನ್ನ ಮನೆಯಲ್ಲಿ ದೇವರ ಮುಖವನ್ನು ಕಣ್ತುಂಬ ಕಾಣುವ ಸ್ವಾತಂತ್ರ್ಯವನ್ನು ಅದು ಕೊಟ್ಟಿತು.

ಮಸುಕಾದ ಪಟವನ್ನು ನಮ್ಮವರು ಕಸಕ್ಕೆ ಎಸೆಯುವುದಿಲ್ಲ. ಅರಳಿಯ ಕಟ್ಟೆಯ ಮೇಲಿಟ್ಟು ಬರುತ್ತಾರೆ. ವಿದ್ಯಾರ್ಥಿಗಳೇ, ಅಂತಹ ಪಟ ಕಂಡರೆ ಅದರ ಅಡಿಯಂಚನ್ನು ನೋಡಿರಿ. ಅಚ್ಚುಕೂಟದ ಹೆಸರು ಸಣ್ಣ ಅಕ್ಷರಗಳಲ್ಲಿರಬಹುದು. ನಮ್ಮ ಮನೆಗಳ ಚರಿತ್ರೆಯ ಓದು ಅಲ್ಲಿಂದಲೇ ಮೊದಲಾಗಲಿ.